ಗಿಥೇರಿಗೆ ತಂದ ಕಾಳು: ರಾಜ್ಮಾ ಪಾಸ್, ಮೆಕ್ಕೆಜೋಳ ಫೇಲ್

ಮೆಕ್ಕೆಜೋಳ, ಕಾಳು ಬೇಯಿಸಿ ಮಾಡೋ ಕೀನ್ಯಾದ ಕಿಕುಯು ಜನರ ಅಡುಗೆ ಗಿಥೇರಿ. ಅದನ್ನ ಮಾಡೋ ಹುಚ್ಚು ಹತ್ತಿ, ಶಿವಮೊಗ್ಗದ ಗಾಂಧಿ ಬಜಾರಿನ ಒಂದು ಅಂಗಡಿಯಲ್ಲಿ 1 ಕೆಜಿ ಒಣ ಮೆಕ್ಕೆಜೋಳ, ಅರ್ಧ ಕೆಜಿ ರಾಜ್ಮಾ ತಂದೆ. ಕೀನ್ಯಾದಲ್ಲಿ ಹೆಚ್ಚಾಗಿ ಬಿಳಿ ಮೆಕ್ಕೆಜೋಳ ಹಾಕ್ತಾರೆ. ಇಲ್ಲಿ ಸಿಕ್ಕಿದ್ದು ಹಳದಿ. ‘ಕೋಳಿ ಸಾಕಿದೀರೇನ್ರೀ?’ ಅಂದ್ರು ಅಂಗಡಿಯವ್ರು.

ರಾಜ್ಮಾ ಚೆನ್ನಾಗಿತ್ತು. ರಾತ್ರಿ ನೆನೆಸಿ, ಆ ನೀರು ಚೆಲ್ಲಿ ಬೇಯಿಸಿದ್ರೆ 5 ಸೀಟಿಗೇ ಬೆಣ್ಣೆ. ಜೋಳವನ್ನೂ ಹಾಗೇ ನೆನೆಸಿದ್ದೆ. 15 ಸೀಟಿ ಕೂಗಿದ್ರೂ ಕಲ್ಲು! ಹಳೇ ದಾಸ್ತಾನು ಅಂತ ನನ್ನ ಗುಮಾನಿ. ಕೊನೆಗೆ ಅಮ್ಮ ಬಚ್ಚಲೊಲೆ ಮೇಲಿಟ್ಟು 2 ಗಂಟೆ ಕುದಿಸಿದಳು. ಆಮೇಲೆ ಈರುಳ್ಳಿ, ಟೊಮೆಟೊ ಹುರಿದು, ಆಲೂಗಡ್ಡೆ ಸೇರಿಸಿದೆ. ನಾನು ಆಚೆ ತಿರುಗಿದಾಗ ಅಮ್ಮ ನಾಲ್ಕು ಜೀರಿಗೆ ಮೆಣಸು ಜಜ್ಜಿ ಹಾಕಿಬಿಟ್ಟಳು. ರುಚಿ ಬಂದಿದ್ದೇ ಅದರಿಂದ.