ಬೆಚ್ಚನೆಯ ಕಪ್ಪು, ತಣ್ಣನೆಯ ಬೂದು: ಕ್ವಾಡ್‌ಟೋನ್ ರಿಪ್ ಬಳಸಿ ಕಂಡದ್ದು

ಕಪ್ಪು-ಬಿಳುಪು ಚಿತ್ರದಲ್ಲಿ ಬಣ್ಣವಿಲ್ಲ ಎಂಬ ಮಾತು ಪರದೆಯ ಮಟ್ಟಿಗೆ ಸರಿಯಿರಬಹುದು, ಆದರೆ ಕಾಗದದ ಮೇಲೆ ಅದು ನಿಲ್ಲುವುದಿಲ್ಲ. ಇಂಕ್‌ಜೆಟ್‌ನ ಕಪ್ಪು ಶಾಯಿಯಲ್ಲಿರುವ ಇಂಗಾಲದ ಕಣಗಳಿಗೆ ಸಹಜವಾಗಿಯೇ ಬೆಚ್ಚನೆಯ ಕಂದುಛಾಯೆ ಇರುತ್ತದೆ, ಶಾಯಿ ತೆಳುವಾಗಿ ಬೂದಾದಷ್ಟೂ ಆ ಕಂದು ಎದ್ದು ಕಾಣುತ್ತದೆ. ಅದರ ಜೊತೆಗೆ ತಿಳಿ ಸಯಾನ್, ತಿಳಿ ಮಜೆಂಟಾ ತುಸು ಸೇರಿದರೆ ಬೂದು ತಟಸ್ಥವಾಗುತ್ತದೆ, ಇನ್ನಷ್ಟು ಸೇರಿದರೆ ತಣ್ಣನೆಯ ನೀಲಿಯತ್ತ ವಾಲುತ್ತದೆ. ಈ ಬೆರಕೆಯ ಹಿಡಿತವನ್ನು ಮುದ್ರಿಸುವವರ ಕೈಗೇ ಒಪ್ಪಿಸುವ ತಂತ್ರಾಂಶವೆಂದರೆ ರಾಯ್ ಹ್ಯಾರಿಂಗ್ಟನ್ ರೂಪಿಸಿದ ಕ್ವಾಡ್‌ಟೋನ್ ರಿಪ್.

2005ರಲ್ಲಿ ಬಂದ ಎಪ್ಸನ್‌ನ ಅಲ್ಟ್ರಾಕ್ರೋಮ್ ಕೆ3 ಶಾಯಿಯಲ್ಲಿ ಕಪ್ಪಿಗೇ ಮೂರು ಹಂತಗಳಿದ್ದವು, ಪ್ರಿಂಟರ್ ನಡೆಸುವ ಡ್ರೈವರ್ ತಂತ್ರಾಂಶದೊಳಗೇ ಕಪ್ಪು-ಬಿಳುಪಿಗೆಂದು ಪ್ರತ್ಯೇಕ ವಿಧಾನವೂ ದೊರೆಯಿತು. ಅವಸರದ ಕೆಲಸಕ್ಕೆ ನಾನು ಇಂದಿಗೂ ಅದನ್ನು ಮೆಚ್ಚುತ್ತೇನೆ. ಆದರೆ ಅಲ್ಲಿ ಆರಿಸಿದ ಛಾಯೆ ನೆರಳಿನಿಂದ ಬೆಳಕಿನವರೆಗೆ ಇಡೀ ಚಿತ್ರವನ್ನು ಒಂದೇ ಆಗಿ ಆವರಿಸುತ್ತದೆ. ಕ್ವಾಡ್‌ಟೋನ್ ರಿಪ್‌ನಲ್ಲಾದರೆ ಬೆಚ್ಚನೆಯದೊಂದು, ತಣ್ಣನೆಯದೊಂದು ಕರ್ವ್ (ಬೂದಿನ ಪ್ರತಿ ಹಂತಕ್ಕೂ ಯಾವ ಶಾಯಿ ಎಷ್ಟು ಬೀಳಬೇಕೆಂದು ಹೇಳುವ ಕಡತ) ಆರಿಸಿಕೊಂಡು, ನೆರಳು, ಮಧ್ಯಛಾಯೆ ಮತ್ತು ಬೆಳಕಿನ ಭಾಗಗಳಲ್ಲಿ ಯಾವುದು ಎಷ್ಟಿರಬೇಕು ಎಂದು ಬೇರೆ ಬೇರೆಯಾಗಿ ಹೇಳಬಹುದು.

ವಯಸ್ಸಾದ ಒಂದು ಜೊತೆ ಕೈಗಳ ಚಿತ್ರದಲ್ಲಿ ಇದನ್ನು ಪರೀಕ್ಷಿಸಿದೆ. ಮೊದಲ ಪ್ರತಿಯಲ್ಲಿ ನೆರಳನ್ನು ಪೂರ್ತಿ ಬೆಚ್ಚಗೆ, ಬೆಳಕನ್ನು ಪೂರ್ತಿ ತಣ್ಣಗೆ ಇಟ್ಟಾಗ ಬೆರಳಿನ ಗೆಣ್ಣುಗಳ ಸುತ್ತ, ಎರಡು ಛಾಯೆಗಳು ಸಂಧಿಸುವಲ್ಲಿ, ಪೆಟ್ಟು ಬಿದ್ದು ಕಂದಿದಂಥ ಕಲೆ ಕಾಣಿಸಿತು. ನಂತರ ಬೆಚ್ಚನೆಯ ಕರ್ವಿನ ಪಾಲನ್ನು ನೆರಳಿನಲ್ಲಿ 70, ಮಧ್ಯದಲ್ಲಿ 55, ಬೆಳಕಿನಲ್ಲಿ 40 ಪ್ರತಿಶತಕ್ಕೆ ತಂದೆ. ಆಗ ಎಲ್ಲಿಯೂ ಬಣ್ಣವೆಂದು ಬೆರಳಿಟ್ಟು ತೋರಿಸಲಾಗಲಿಲ್ಲ. ಆದರೂ ನರಗಳ ನಡುವಿನ ತಗ್ಗು ಆಳವಾಯಿತು, ಉಗುರಿನ ಮೇಲಿನ ಬೆಳಕು ಕಾಗದದಿಂದ ತುಸು ಮೇಲೆದ್ದು ನಿಂತಿತು. ನಾನು ವರ್ಷಗಳಿಂದ ಹುಡುಕುತ್ತಿದ್ದುದು ಇದನ್ನೇ.

ಕಡುಗಪ್ಪಿನಲ್ಲಿ ಕಪ್ಪು ಶಾಯಿಯೇ ತುಂಬಿಕೊಳ್ಳುವುದರಿಂದ ಅಲ್ಲಿ ಕರ್ವ್ ಬದಲಿಸಿದರೂ ಕಣ್ಣಿಗೆ ಹೆಚ್ಚು ವ್ಯತ್ಯಾಸ ತಿಳಿಯುವುದಿಲ್ಲ, ಅತಿ ಬೆಳಕಿನಲ್ಲಿ ಶಾಯಿಗಿಂತ ಕಾಗದದ ಬಿಳುಪಿನದೇ ಮೇಲುಗೈ. ಹೀಗಾಗಿ ನಿಜವಾದ ಕೆಲಸವೆಲ್ಲ ಮಧ್ಯಛಾಯೆಯಲ್ಲಿದೆ. ಬಿಳುಪುಕಾರಕ ಸೇರಿಸಿದ ಕಾಗದ ತಾನೇ ನೀಲಿಯತ್ತ ಎಳೆಯುವುದರಿಂದ ಅದಕ್ಕೆ ತಣ್ಣನೆಯ ಪಾಲನ್ನು ತಗ್ಗಿಸಬೇಕಾಗುತ್ತದೆ. ಬಿಳುಪುಕಾರಕವಿಲ್ಲದ, ಕೆನೆಬಣ್ಣದ ಹತ್ತಿಯ ಕಾಗದದಲ್ಲಾದರೆ ಅದೇ ಪಾಲು ಹಿತವಾಗಿ ತಟಸ್ಥದ ಬಳಿ ಬಂದು ನಿಲ್ಲುತ್ತದೆ.

ಇದು ಸುಲಭದ ಸಾಧನವಲ್ಲ. ನಿಮ್ಮ ಪ್ರಿಂಟರ್, ಶಾಯಿ ಮತ್ತು ಕಾಗದಕ್ಕೆ ಹೊಂದುವ ಕರ್ವ್ ಸಿಗದಿದ್ದರೆ 21 ಮೆಟ್ಟಿಲುಗಳ ಬೂದುಪಟ್ಟಿಯನ್ನು ಮುದ್ರಿಸಿ, ಅಳೆದು, ನೀವೇ ಸರಿಪಡಿಸಿಕೊಳ್ಳಬೇಕು. ಬೆರೆಸುವ ಎರಡೂ ಕರ್ವ್‌ಗಳನ್ನು ಹೀಗೆ ಸರಿಪಡಿಸಿರಬೇಕು, ಇಲ್ಲದಿದ್ದರೆ ಛಾಯೆಯ ಜೊತೆಗೆ ಸಾಂದ್ರತೆಯೂ, ಅಂದರೆ ಕಪ್ಪಿನ ಗಾಢತೆಯೂ, ಬದಲಾಗಿ ಯಾವುದರಿಂದ ಏನಾಯಿತೆಂದೇ ತಿಳಿಯುವುದಿಲ್ಲ. ಬಾಳಿಕೆಯ ಲೆಕ್ಕವೂ ಒಂದಿದೆ: ಬಣ್ಣದ ಶಾಯಿ ಇಂಗಾಲಕ್ಕಿಂತ ಬೇಗ ಮಸುಕಾಗುತ್ತದೆ, ಆದ್ದರಿಂದ ಬಹುಕಾಲ ಉಳಿಯಬೇಕಾದ ಪ್ರತಿಗೆ ಬೆಚ್ಚನೆಯ ಪಾಲು ಹೆಚ್ಚಿರುವುದು ಕ್ಷೇಮ.

ಹೊಸ ಕಾಗದಕ್ಕೆ ನಾನು ಈಗ ಮೊದಲು ಅಂಗೈಯಗಲದ ತುಣುಕುಗಳನ್ನೇ ಮುದ್ರಿಸುತ್ತೇನೆ, ಒಂದು ರಾತ್ರಿ ಒಣಗಲು ಬಿಟ್ಟು, ಬೆಳಿಗ್ಗೆ ಕಿಟಕಿಯ ಬೆಳಕಿನಲ್ಲಿ ಒಮ್ಮೆ, ಸಂಜೆ ಚಿತ್ರ ತೂಗಲಿರುವ ಗೋಡೆಯ ದೀಪದಡಿಯಲ್ಲಿ ಇನ್ನೊಮ್ಮೆ ನೋಡಿದ ಮೇಲೆಯೇ ಪಾಲುಗಳನ್ನು ಬರೆದಿಟ್ಟುಕೊಳ್ಳುತ್ತೇನೆ.