ಮಹಮ್ಮದ್ ಅಲಿ ರಸ್ತೆಯ ಮಿಸ್ವಾಕ್ ಕಡ್ಡಿ: ಹಸಿಯಾಗಿದ್ದರೆ ಮಾತ್ರ ಕೊಳ್ಳಿ

ಮುಂಬಯಿಯ ಮಹಮ್ಮದ್ ಅಲಿ ರಸ್ತೆಯಲ್ಲಿ ಅತ್ತರು, ಟೋಪಿ, ಖರ್ಜೂರಗಳ ಜೊತೆಗೆ ಮಾರಾಟವಾಗುವ ಮಿಸ್ವಾಕ್ ಕಡ್ಡಿಯನ್ನು ಹಲವು ತಿಂಗಳಿಂದ ಬಳಸುತ್ತಿದ್ದೇನೆ. ಬೇವು, ಹೊಂಗೆಯ ಕಡ್ಡಿಯಲ್ಲಿ ಹಲ್ಲುಜ್ಜಿ ಬೆಳೆದ ಕನ್ನಡಿಗರಿಗೆ ಇದರ ಬಳಕೆ ಹೊಸದೆನಿಸದು. ರುಚಿ ಮಾತ್ರ ಬೇರೆಯೇ. ಬೇವಿನ ಕಹಿ ಇದರಲ್ಲಿಲ್ಲ, ಮೊದಲು ಸಾಸಿವೆಯ ಘಾಟು, ಅದರ ಬೆನ್ನಿಗೇ ತೆಳುವಾದ ಉಪ್ಪು ನಾಲಿಗೆಗೆ ತಾಗುತ್ತದೆ.

ಮಿಸ್ವಾಕ್ ಎಂದರೆ ಪೀಲು ಗಿಡದ, ಅಂದರೆ ಸಾಲ್ವಡೋರಾ ಪರ್ಸಿಕಾದ, ಬೇರು ಅಥವಾ ಎಳೆಯ ಕೊಂಬೆ. ರಾಜಸ್ಥಾನದ ಮರುಭೂಮಿಯಲ್ಲೂ ಕಚ್ಛದಲ್ಲೂ ಅರಬ್ ನಾಡುಗಳಲ್ಲೂ ಬೆಳೆಯುವ ಈ ಪೊದೆ, ನಮ್ಮ ಉತ್ತರ ಕರ್ನಾಟಕದ ರೈತರು ಸವುಳು ಎಂದು ಕೈಬಿಡುವಂಥ ಕ್ಷಾರದ ನೆಲದಲ್ಲೂ ಬೇರೂರಿ ಹಸಿರಾಗಿರುತ್ತದೆ. ಗುಜರಾತಿನ ಉಪ್ಪೇರಿದ ಕಪ್ಪು ಭೂಮಿಗೆ ಇದು ಒಗ್ಗುವುದನ್ನು ಕೇಂದ್ರೀಯ ಮಣ್ಣು ಲವಣತೆ ಸಂಶೋಧನಾ ಸಂಸ್ಥೆಯ ಭರೂಚ್ ಕೇಂದ್ರ ಬೆಳೆಸಿಯೇ ತೋರಿಸಿದೆ. ಘಾಟಿಗೆ ಕಾರಣವಾದ ಬೆಂಜೈಲ್ ಐಸೋಥಯೋಸಯನೇಟ್ ಬ್ಯಾಕ್ಟೀರಿಯಾಗಳನ್ನು ತಡೆಯುತ್ತದೆಂದು ಪ್ರಯೋಗಾಲಯದ ಪರೀಕ್ಷೆಗಳಲ್ಲಿ ಕಂಡುಬಂದಿದೆ.

ಆದರೆ ಈ ಘಾಟು ಆವಿಯಾಗಿ ಹೋಗುವಂಥದ್ದು. ಹಾಗಾಗಿ ಕೊಳ್ಳುವಾಗ ನೋಡಬೇಕಾದದ್ದು ಹಸಿತನವೊಂದನ್ನೇ. ಬಗ್ಗಿಸಿದರೆ ಬಾಗಬೇಕು, ಉಗುರಿನಿಂದ ಗೀರಿದರೆ ಒಳಗೆ ತೇವ ಕಾಣಬೇಕು, ಮೂಗಿಗೆ ಹಿಡಿದರೆ ಖಾರ ತಟ್ಟಬೇಕು. ರಸ್ತೆಯಂಚಿನ ಸಣ್ಣ ಅಂಗಡಿಯೊಂದರಲ್ಲಿ 20 ರೂಪಾಯಿಗೆ ಕೊಂಡ ಕಡ್ಡಿ ಹೀಗಿತ್ತು. ಸೆಂಟಿಮೀಟರಿನಷ್ಟು ಸಿಪ್ಪೆ ಹೆರೆದು ಜಗಿದೊಡನೆ ನಾರುಗಳು ಮೃದುವಾಗಿ ಬಿಡಿಸಿಕೊಂಡವು. ಉಪನಗರದ ಔಷಧಿ ಅಂಗಡಿಯೊಂದರಲ್ಲಿ ಹೆಚ್ಚು ಬೆಲೆ ತೆತ್ತು ತಂದ, ಪ್ಲಾಸ್ಟಿಕ್ಕಿನಲ್ಲಿ ಮುಚ್ಚಿದ ಕಡ್ಡಿಯಾದರೋ ಒಣಗಿ ಸೌದೆಯಂತಾಗಿತ್ತು, ನೀರಿನಲ್ಲಿ ನೆನೆಸಿದ ಮೇಲೂ ಅದರ ನಾರು ಒಸಡನ್ನು ಚುಚ್ಚಿತು. ಪೊಟ್ಟಣದ ಮೇಲೆ ತಯಾರಿಕೆಯ ದಿನಾಂಕವೇ ಇರಲಿಲ್ಲ.

ಮುಂಭಾಗದ ಹಲ್ಲುಗಳನ್ನು ಇದು ಬಹಳ ಚೆನ್ನಾಗಿ ಉಜ್ಜುತ್ತದೆ, ಬಾಯಿಯ ತಾಜಾತನವೂ ಹೊತ್ತು ನಿಲ್ಲುತ್ತದೆ. ದವಡೆ ಹಲ್ಲುಗಳ ಒಳಮಗ್ಗುಲಿಗೆ ಮಾತ್ರ ನೆಟ್ಟಗಿನ ಕಡ್ಡಿ ಸರಿಯಾಗಿ ತಲುಪುವುದಿಲ್ಲ. ಆದ್ದರಿಂದ ರಾತ್ರಿ ಬ್ರಷ್ ಬಳಸುವುದನ್ನು ನಾನು ಬಿಟ್ಟಿಲ್ಲ, ಬಿಡಿರೆಂದು ಯಾರಿಗೂ ಹೇಳುವುದೂ ಇಲ್ಲ. ಒಸಡಿನ ತೊಂದರೆ ಇರುವವರು ದಂತವೈದ್ಯರನ್ನು ಕೇಳಿಯೇ ಆರಂಭಿಸುವುದು ಒಳ್ಳೆಯದು.

ನನ್ನನ್ನು ನಿಜವಾಗಿ ಕಾಡುವ ಸಂಗತಿ ಬೇರೊಂದಿದೆ. ಬೇರಿಗಾಗಿ ಅಗೆದರೆ ಗಿಡಕ್ಕೆ ಪೆಟ್ಟು ಬೀಳುತ್ತದೆ, ಬೇರೇನೂ ಬೆಳೆಯದ ನೆಲವನ್ನು ಹಿಡಿದಿಟ್ಟಿರುವ ಪೊದೆಯನ್ನು ಹೀಗೆ ಕಳೆದುಕೊಳ್ಳುವುದು ಸಣ್ಣ ನಷ್ಟವಲ್ಲ. ಕಡ್ಡಿ ಎಲ್ಲಿಂದ ಬಂತೆಂದು ಕೇಳಿದರೆ ಅಂಗಡಿಯವರಿಗೆ ಹೇಳಲು ತಿಳಿಯಲಿಲ್ಲ. ಕೊಂಬೆಯ ಕಡ್ಡಿ ಸಿಕ್ಕರೆ ಅದನ್ನೇ ಆರಿಸಿ; ಘಾಟು ತುಸು ಕಡಿಮೆ ಎನಿಸಿದರೂ ಕೆಲಸಕ್ಕೆ ಕೊರತೆಯಿಲ್ಲ. ಒಮ್ಮೆಗೆ ಒಂದೆರಡನ್ನಷ್ಟೇ ಕೊಂಡು, ಒದ್ದೆ ಬಟ್ಟೆಯಲ್ಲಿ ಸುತ್ತಿ ಫ್ರಿಜ್ಜಿನಲ್ಲಿಟ್ಟು, ನಾರು ಸವೆದಂತೆ ತುದಿಯನ್ನು ಕತ್ತರಿಸುತ್ತಾ ಬಳಸಿ.