4×12, 6×16, 8×20, ಮೊಬೈಲ್ ಜೂಮ್: ಮಂದ ದೃಷ್ಟಿಯವರ ಜೇಬಿನಲ್ಲಿ ಯಾವುದಿರಬೇಕು?

ನನಗಿರುವುದು ಸ್ಟಾರ್‌ಗಾರ್ಟ್. ಅಕ್ಷಿಪಟಲದ ನಡುಭಾಗವೇ ಹಾಳಾಗುವ ಕಾಯಿಲೆ, ಕನ್ನಡಕ ಹಾಕಿದರೆ ಸರಿಹೋಗುವಂಥದ್ದಲ್ಲ. ದೂರದ ದೃಷ್ಟಿ 6/60. ಅಂದ್ರೆ ಬೇರೆಯವರಿಗೆ 60 ಮೀಟರ್‌ನಿಂದ ಕಾಣುವ ಅಕ್ಷರ ನನಗೆ 6 ಮೀಟರ್ ಹತ್ತಿರ ಬಂದರೆ ಮಾತ್ರ ಕಾಣುತ್ತದೆ. ಬಸ್ಸು ಅಷ್ಟು ಹತ್ತಿರ ಬಂದ ಮೇಲೆ ಕೈ ಅಡ್ಡ ಹಾಕಿ ಏನು ಪ್ರಯೋಜನ? ಹಾಗಾಗಿ ಒಂದೇ ಕಣ್ಣಿಗೆ ಹಿಡಿದು ನೋಡುವ ಪುಟ್ಟ ದೂರದರ್ಶಕ, ಅಂದ್ರೆ ಮೊನಾಕ್ಯುಲರ್, ಇಲ್ಲದೆ ನಾನು ಮನೆ ಬಿಡುವುದಿಲ್ಲ. ಮೂರು ಅಳತೆಯವನ್ನೂ ಬಳಸಿದ್ದೇನೆ, ಮೊಬೈಲನ್ನೂ ಬಳಸುತ್ತೇನೆ.

4×12 ಅಂತ ಬರೆದಿರುತ್ತದಲ್ಲ, ಅದರಲ್ಲಿ ಮೊದಲ ಅಂಕಿ ಎಷ್ಟು ಪಟ್ಟು ದೊಡ್ಡದಾಗಿ ಕಾಣುತ್ತದೆ ಅನ್ನುವುದು. ಎರಡನೆಯದು ಮುಂದಿನ ಗಾಜಿನ ಅಗಲ, ಮಿಲಿಮೀಟರ್‌ನಲ್ಲಿ. 6/60 ಇರುವವರಿಗೆ 4 ಪಟ್ಟಿನದು ಹೆಚ್ಚುಕಮ್ಮಿ 6/15 ಕೊಡುತ್ತದೆ, 6 ಪಟ್ಟಿನದು 6/10, 8 ಪಟ್ಟಿನದು 6/7.5. ಲೆಕ್ಕದಲ್ಲಿ 8 ಗೆಲ್ಲಬೇಕು. ರಸ್ತೆಯಲ್ಲಿ ಗೆಲ್ಲುವುದಿಲ್ಲ.

ಯಾಕೆ ಅಂದ್ರೆ, ಪಟ್ಟು ಜಾಸ್ತಿ ಆದಷ್ಟೂ ಕಾಣುವ ಜಾಗ ಕಿರಿದಾಗುತ್ತದೆ. ನನ್ನ 4×12ರಲ್ಲಿ ಸುಮಾರು 12 ಡಿಗ್ರಿ ಕಾಣುತ್ತದೆ, 8×20ರಲ್ಲಿ 7. 20 ಮೀಟರ್ ದೂರದಲ್ಲಿ ಬಸ್ಸು ಬರುತ್ತಿದೆ ಅಂದುಕೊಳ್ಳಿ. 4ರಲ್ಲಿ ನಾಲ್ಕು ಮೀಟರಿಗೂ ಜಾಸ್ತಿ ಅಗಲ ಸಿಗುತ್ತದೆ, ಬಸ್ಸಿನ ಇಡೀ ಮುಖ, ಪಕ್ಕದ ಆಟೋ ಎಲ್ಲ. 8ರಲ್ಲಿ ಸಿಗುವುದು ಎರಡೂವರೆ ಮೀಟರ್, ಸರಿಯಾಗಿ ಬಸ್ಸಿನ ಅಗಲ. ಕೈ ಒಂಚೂರು ಅಲುಗಿದರೆ ಬಸ್ಸೇ ಮಾಯ, ಮತ್ತು ಆ ಅಲುಗಾಟವೂ ಎಂಟು ಪಟ್ಟಾಗಿ ಕಾಣುತ್ತದೆ. ಹೆಬ್ಬಾಳದ ಸ್ಟಾಪಿನಲ್ಲಿ ಒಂದರ ಹಿಂದೆ ಒಂದು ಬಸ್ಸು ನುಗ್ಗುವಾಗ ನಮ್ಮ ನಂಬರಿನ ಬಸ್ಸು ಯಾವುದು ಅಂತ 8×20ರಲ್ಲಿ ಹುಡುಕುತ್ತಾ ಕೂರುವಷ್ಟು ಪುರುಸೊತ್ತು ಯಾರಿಗಿದೆ?

ಹಾಗಂತ 4 ಎಲ್ಲದಕ್ಕೂ ಸಾಕಾಗುವುದಿಲ್ಲ. ನಂಬರ್ ಓದುತ್ತದೆ, ಊರಿನ ಹೆಸರಿನಲ್ಲಿ ಎಡವುತ್ತದೆ. ನಮ್ಮ ಲಿಪಿಯಲ್ಲಿ ಒತ್ತಕ್ಷರ ಕೆಳಗೆ ಸಣ್ಣದಾಗಿ ಕೂತಿರುತ್ತದಲ್ಲ, ಅದೇ ತೊಂದರೆ. ಚಿಕ್ಕಬಳ್ಳಾಪುರದ ಬಸ್ಸು, ದೊಡ್ಡಬಳ್ಳಾಪುರದ ಬಸ್ಸು ಎರಡೂ ಅದೇ ರಸ್ತೆಯಲ್ಲಿ ಬರುತ್ತವೆ, ಬೋರ್ಡಿನ ಹಿಂದಿನ ಅರ್ಧ ಒಂದೇ ಥರ, ಮುಂದಿನ ಎರಡು ಅಕ್ಷರ 4×12ರಲ್ಲಿ ಕಲಸಿಕೊಂಡು ಕಾಣುತ್ತವೆ. 6×16ರಲ್ಲಿ ಒತ್ತು ಬಿಡಿಬಿಡಿಯಾಗಿ ಕಾಣುತ್ತದೆ. ಕ್ಲಾಸಿನ ಬೋರ್ಡು, ಮೀಟಿಂಗಿನ ಪರದೆ ಇವಕ್ಕೂ 6ನ್ನೇ ಹೇಳುತ್ತೇನೆ. ಕೂತಲ್ಲಿಂದ ನೋಡುವುದು, ಮೊಣಕೈಗೆ ಡೆಸ್ಕಿನ ಆಸರೆ ಇರುತ್ತದೆ.

8×20ಕ್ಕೂ ಜಾಗವಿದೆ. ಯಶವಂತಪುರ ಸ್ಟೇಷನ್ನಿನಲ್ಲಿ ಕಂಬಕ್ಕೆ ಒರಗಿ ನಿಂತು ರೈಲಿನ ಬೋರ್ಡು ಓದಬಹುದು. ಆದರೆ ಬೋರ್ಡು ಕನ್ನಡ, ಹಿಂದಿ, ಇಂಗ್ಲಿಷ್ ಅಂತ ಬದಲಾಗುತ್ತಲೇ ಇರುತ್ತದೆ, ಫೋಕಸ್ ಮಾಡುವಷ್ಟರಲ್ಲಿ ಕನ್ನಡ ಹೋಗಿ ಮುಂದಿನದು ಬಂದಿರುತ್ತದೆ. ಯಕ್ಷಗಾನದಲ್ಲಿ ವೇಷದ ಮುಖದ ಬಣ್ಣ ನೋಡಲು 8 ಬಹಳ ಚೆನ್ನ, ಕುಣಿತಕ್ಕೆ 4ಕ್ಕೇ ಬರಬೇಕು. ಸಂಜೆ ಬೆಳಕು ಇಳಿದ ಮೇಲೂ 4 ಮೇಲು: ಗಾಜಿನ ಅಗಲವನ್ನು ಪಟ್ಟಿನಿಂದ ಭಾಗಿಸಿದರೆ ಕಣ್ಣಿಗೆ ಬೀಳುವ ಬೆಳಕಿನ ವೃತ್ತದ ಅಗಲ ಸಿಗುತ್ತದೆ, 4×12ರಲ್ಲಿ ಅದು 3 ಮಿ.ಮೀ., 8×20ರಲ್ಲಿ ಎರಡೂವರೆ. ನೇರ ನೋಡಿದರೆ ಏನೂ ಕಾಣದೆ ಸ್ವಲ್ಪ ಓರೆಯಾಗಿ ನೋಡುವ ನನ್ನಂಥವರಿಗೆ ಆ ಅರ್ಧ ಮಿಲಿಮೀಟರೂ ದೊಡ್ಡದೇ, ಕಣ್ಣು ಆಚೀಚೆ ಸರಿದ ಕೂಡಲೇ ಚಿತ್ರ ಕಪ್ಪಾಗುವುದು ಕಮ್ಮಿ.

ಮೊಬೈಲ್? ದರ್ಶಿನಿಯ ತಿಂಡಿ ಪಟ್ಟಿಗೆ ಅದನ್ನು ಮೀರಿಸಿದ್ದಿಲ್ಲ. ಫೋಟೊ ತೆಗೆದು, ಪಕ್ಕಕ್ಕೆ ನಿಂತು, ಬೆರಳಲ್ಲಿ ಹಿಗ್ಗಿಸಿ ನಿಧಾನವಾಗಿ ಓದಬಹುದು. ಬಸ್ಸಿಗೆ ಮಾತ್ರ ನಂಬಬೇಡಿ. ಬಿಸಿಲಲ್ಲಿ ಪರದೆ ಕಾಣುವುದಿಲ್ಲ. ಎಲ್‌ಇಡಿ ಬೋರ್ಡಿನ ದೀಪಗಳು ಕಣ್ಣಿಗೆ ತಿಳಿಯದಷ್ಟು ಬೇಗ ಹೊತ್ತಿ ಆರುತ್ತಿರುತ್ತವೆ, ಕ್ಯಾಮೆರಾ ಅದರಲ್ಲಿ ಒಂದು ಕ್ಷಣ ಮಾತ್ರ ಹಿಡಿಯುವುದರಿಂದ ಫೋಟೊದಲ್ಲಿ ಅರ್ಧ ಅಂಕಿಯೇ ಇರುವುದಿಲ್ಲ.

ಒಂದೇ ಕೊಳ್ಳುವುದಾದರೆ, ಓಡಾಟ ಜಾಸ್ತಿ ಇದ್ದವರು 4×12 ತಗೊಳ್ಳಿ, ಓದುವ ಮಕ್ಕಳಿಗೆ 6×16 ಕೊಡಿಸಿ. ಕಣ್ಣು ತಾನಾಗಿ ಅದುರುವ ನಿಸ್ಟಾಗ್ಮಸ್ ಇದ್ದರೆ 4ರಿಂದಲೇ ಶುರು ಮಾಡಿ.

ಬಳಸುವ ಕ್ರಮ ಕಲಿಯಲೇಬೇಕು. ಬಸ್ಸು ಬರುವ ಮೊದಲೇ ಅಷ್ಟು ದೂರದ ಒಂದು ಕಂಬಕ್ಕೆ ಫೋಕಸ್ ಮಾಡಿಟ್ಟುಕೊಳ್ಳಿ. ಬಸ್ಸಿನ ಆಕಾರವನ್ನು ಬರಿಗಣ್ಣಲ್ಲಿ ಹಿಡಿಯಿರಿ. ತಲೆ ಅಲುಗಿಸದೆ ಮೊನಾಕ್ಯುಲರನ್ನು ಕಣ್ಣಿಗೆ ತನ್ನಿ, ತೋರುಬೆರಳನ್ನು ಹುಬ್ಬಿಗೆ ಒತ್ತಿಕೊಂಡರೆ ಕೈ ನಡುಗುವುದಿಲ್ಲ. ಅಸ್ಟಿಗ್ಮ್ಯಾಟಿಸಂ, ಅಂದ್ರೆ ಕಣ್ಣಿನ ಬಾಗು ಎಲ್ಲ ದಿಕ್ಕಿಗೂ ಒಂದೇ ಸಮ ಇಲ್ಲದ ದೋಷ, ಇದ್ದವರು ಕನ್ನಡಕ ತೆಗೆಯಬೇಡಿ, ಫೋಕಸ್ ತಿರುಗಿಸಿ ಅದನ್ನು ಸರಿಮಾಡಲು ಆಗುವುದಿಲ್ಲ. ರಬ್ಬರ್ ಅಂಚನ್ನು ಹಿಂದಕ್ಕೆ ಮಡಚಿ ಕನ್ನಡಕದ ಮೇಲೆಯೇ ಹಿಡಿಯಿರಿ. ಕಣ್ಣಿಗೆ ಇಟ್ಟುಕೊಂಡೇ ರಸ್ತೆ ದಾಟಬೇಡಿ, ಎಲ್ಲವೂ ಇರುವುದಕ್ಕಿಂತ ಹತ್ತಿರ ಕಾಣುತ್ತದೆ.

ಆನ್‌ಲೈನಲ್ಲಿ 40×60 ಅಂತ ಅಗ್ಗಕ್ಕೆ ಮಾರುವುದನ್ನು ಸುಮ್ನೆ ಬಿಟ್ಟುಬಿಡಿ. 60 ಅಂದರೆ ಮುಂದಿನ ಗಾಜು 6 ಸೆಂಟಿಮೀಟರ್ ಇರಬೇಕಲ್ವಾ? ಸ್ಕೇಲ್ ಇಟ್ಟು ಅಳೆದರೆ ಗೊತ್ತಾಗುತ್ತದೆ. ನಿಜವಾಗಿ 40 ಪಟ್ಟು ಇದ್ದರೂ ಕೈಯಲ್ಲಿ ಹಿಡಿದು ಏನನ್ನೂ ನೋಡಲಾಗದು. ಸಾಧ್ಯವಾದರೆ ಲೋ ವಿಷನ್ ವಿಭಾಗ ಇರುವ ಕಣ್ಣಾಸ್ಪತ್ರೆಗೆ ಹೋಗಿ ಮೂರನ್ನೂ ಕೇಳಿ. ಒಳಗಿನ ಚಾರ್ಟ್ ಓದಿಸಿದ್ದಕ್ಕೆ ಒಪ್ಪಿಕೊಂಡು ಬಿಡಬೇಡಿ, ಗೇಟಿನವರೆಗೆ ಹೋಗಿ ಓಡುವ ವಾಹನಗಳ ಮೇಲೆ ಹಿಡಿದು ನೋಡುತ್ತೇನೆ ಅಂತ ಹೇಳಿ.